ಅವ್ವ ಬಸ್ಸು ಹತ್ತುತ್ತಿಲ್ಲ

ಗುಂಡ್ಲುಪೇಟೆ
ಶನಿವಾರ, ೧೨-೯-೧೯೯೮

ಲೋಕ ಸುತ್ತಲು ಹೋದ ಪ್ರೀತಿಯ ತಮ್ಮ ಮೃತ್ಯುಂಜಯನಿಗೆ, ಗುಂಡ್ಲುಪೇಟೆ ಬಿಟ್ಟು ಕದಲದ ಅಕ್ಕನ ಆಶೀರ್ವಾದ.

ಮೊದಲು ನಿನ್ನ ಆರೋಗ್ಯದ ಮಾತು. ಕೂರುವ ಜಾಗದ ಗುಳ್ಳೆಗಳು ವಾಸಿಯಾದವೇ? ಹೋದ ಕಾಗದದಲ್ಲಿ ಅದನ್ನು ಅಷ್ಟು ವಿವರವಾಗಿ ಬರೆಯಬೇಕಾಗಿರಲಿಲ್ಲ. ನಿನ್ನ ಕಾಗದ ಬಂದರೆ ನಿಮ್ಮ ಭಾವ ಅದನ್ನು ಅಂಗಡಿಯಲ್ಲಿಟ್ಟುಕೊಂಡು ಬಂದ ಗಿರಾಕಿಗಳಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಾರೆ ಎಂಬುದು ನಿನಗೆ ಗೊತ್ತಿಲ್ಲವೇ? ಈಗ ನಾನು ಬೀದಿಗೆ ಕಾಲಿಟ್ಟರೆ ಸೊಪ್ಪು ಮಾರುವ ರಾಚಮ್ಮನೂ ಮೊದಲು ಅದನ್ನೇ ವಿಚಾರಿಸುತ್ತಾಳೆ. ಹರಳೆಣ್ಣೆ ಹಚ್ಚಿಕೊಳ್ಳಲಿ ಎಂದಿದ್ದಾಳೆ. ಅದು ಅಲ್ಲಿ ಸಿಗದಿದ್ದರೆ ಟವೆಲು ಮಡಿಸಿ ಸೀಟಿನ ಮೇಲೆ ಹಾಕಿಕೋ. ಟರ್ಕಿಯಲ್ಲಿ ಟವೆಲಿಗೆ ಬರವಿರಲಾರದು. ನಾವೆಲ್ಲ ಟರ್ಕಿ ಟವೆಲು ಎಂದು ಮೈ ಒರೆಸಿಕೊಳ್ಳುವುದು ಅಲ್ಲಿಂದಲೇ ಬಂದದ್ದಿರಬೇಕು. ನಿಮ್ಮ ಭಾವ ತಮಗೂ ಒಂದು ತರಲು ಹೇಳಿದ್ದಾರೆ. ನೀನು ತರಬೇಡ, ಸೈಕಲ್ಲಿಗೆ ಭಾರ.

ನೀನು ಇಸ್ತಾಂಬುಲ್ ಸೇರಿದ ಸುದ್ದಿ ಬಂದ ದಿನ ಮನೆಯಲ್ಲಿ ಹಬ್ಬ. ಮಕ್ಕಳ ಅಟ್ಲಾಸು ಬಿಚ್ಚಿ ನಿಮ್ಮ ಭಾವ ಆ ಊರಿಗೆ ಕುಂಕುಮ ಇಟ್ಟರು. ಸೇತುವೆಯ ಈಚೆ ಏಷ್ಯಾ, ಆಚೆ ಯುರೋಪು ಎಂದು ಬರೆದಿದ್ದೆಯಲ್ಲ, ಇವರ ಹೆಬ್ಬೆರಳು ದಪ್ಪ, ಕುಂಕುಮ ಎರಡೂ ಖಂಡಕ್ಕೆ ಹತ್ತಿತು. ಮುಂದಿನ ದೇಶದ ವೀಸಾ ಬರುವವರೆಗೆ ನೀನು ಈಚೆ ದಡದಲ್ಲೇ ಬಿಡಾರ ಹೂಡಿದ್ದೀಯ ಎಂದು ನಾನು ಎಷ್ಟು ಹೇಳಿದರೂ, ನಮ್ಮ ಮೃತ್ಯುಂಜಯ ಯುರೋಪು ಮುಟ್ಟಿದ ಎಂದು ಇವರು ಬೀದಿಗೆಲ್ಲ ಬೂಂದಿ ಹಂಚಿಬಿಟ್ಟರು. ನಿನ್ನ ಸೈಕಲ್ಲಿಗೆ ಕಟ್ಟಿದ ‘ಚಾಮರಾಜನಗರ ಜಿಲ್ಲೆ’ ಬೋರ್ಡಿನ ಕನ್ನಡ ಅಕ್ಷರಗಳನ್ನು ಅಲ್ಲಿಯವರು ಹೂಬಳ್ಳಿಯ ಚಿತ್ರ ಎಂದುಕೊಂಡರಂತೆ. ಯುವಕ ಸಂಘದವರಿಗೆ ಆ ವಿಷಯ ಹೇಳಿಲ್ಲ. ಹೊಸ ಜಿಲ್ಲೆಯ ಹೆಸರು ಈಗ ಲೋಕಕ್ಕೆಲ್ಲ ತಿಳಿದಿದೆ ಎಂಬ ಖುಷಿಯಲ್ಲಿದ್ದಾರೆ, ಇರಲಿ ಬಿಡು.

ಆ ಸಂಘದವರು ಸೈಕಲ್ಲಿನಲ್ಲಿ ಲೋಕ ಸುತ್ತಲು ಯಾರು ಸಿದ್ಧ ಎಂದು ಕೇಳಿದ ದಿನ ನೆನಸಿಕೊಂಡರೆ ಈಗಲೂ ನಗು ಬರುತ್ತದೆ. ಸೈಕಲ್ಲು ಬಲ್ಲವರೆಲ್ಲ ಅದರ ಕಷ್ಟ ಗೊತ್ತಿದ್ದರಿಂದ ಹಿಂದೆ ಸರಿದರು. ಗೊತ್ತಿಲ್ಲದ ನೀನೊಬ್ಬ ಕೈ ಎತ್ತಿದೆ. ಆಮೇಲೆ ಬಾಡಿಗೆ ಸೈಕಲ್ಲು ತಂದು ನಮ್ಮೂರು ಉಡಿಗಾಲದ ಬೇಲಿಗಳನ್ನೆಲ್ಲ ಮುರಿದು ಕಲಿತೆ. ಹೊಡೆಯುವುದು ಬಂತು, ನಿಲ್ಲಿಸುವುದೂ ಬಂತು, ಹತ್ತುವುದು ಮಾತ್ರ ಪಕ್ಕದಲ್ಲಿ ಜಗುಲಿಯೋ ಮೈಲಿಗಲ್ಲೋ ಇಲ್ಲದೆ ಬರಲಿಲ್ಲ. ಅದಕ್ಕೇ ಅಲ್ಲವೇ, ಚಾಮರಾಜನಗರದಲ್ಲಿ ಬೀಳ್ಕೊಡುವ ದಿನ ನೀನು ಸೈಕಲ್ಲಿನಿಂದ ಇಳಿಯದೇ ಇದ್ದದ್ದು? ಇಳಿದರೆ ಅಷ್ಟು ಜನರ ಮುಂದೆ ಮತ್ತೆ ಹತ್ತುವುದು ಹೇಗೆಂದು ಹೆದರಿ, ಹಾರ ಹಿಡಿದು ನಿಂತಿದ್ದ ಸಂಘದ ಅಧ್ಯಕ್ಷರನ್ನೇ ಸುತ್ತುತ್ತಾ ಇದ್ದೆ. ಕೊನೆಗೆ ಅವರು ಬೇಸತ್ತು ಹಾರ ಎಸೆದರು, ಅದು ಹ್ಯಾಂಡಲ್ಲಿಗೆ ಬಿತ್ತು. ಜನ ಚಪ್ಪಾಳೆ ಹೊಡೆದರು. ಆ ದಿನ ಅವ್ವ ನನ್ನ ಪಕ್ಕದಲ್ಲೇ ನಿಂತು ಇದನ್ನೆಲ್ಲ ನೋಡಿದಳು. ಅಲ್ಲಿಂದ ಶುರುವಾದದ್ದು ನಮ್ಮ ಈಗಿನ ಕಷ್ಟ.

ನಾವು ಚಿಕ್ಕವರಿದ್ದಾಗ ಊರಿನ ಸ್ಕೂಲಿನ ಮುಂದೆ ಸೈಕಲ್ ಆಟದವನೊಬ್ಬ ಬಂದಿದ್ದನಲ್ಲ, ವಾರಪೂರ್ತಿ ಇಳಿಯದೆ ಸುತ್ತುತ್ತೇನೆ ಎಂದು ಪಣ ಕಟ್ಟಿದವನು? ಸ್ನಾನ, ಊಟ, ಗಡ್ಡ ಹೆರೆಯುವುದು ಎಲ್ಲ ಸೈಕಲ್ಲಿನ ಮೇಲೆಯೇ. ಅವ್ವ ದಿನವೂ ಮುದ್ದೆ ಕಟ್ಟಿಕೊಂಡು ಹೋಗಿ ಅವನ ಜೊತೆ ಓಡುತ್ತಾ ಕೊಟ್ಟು ಬರುತ್ತಿದ್ದಳು. ಕಡೆಯ ದಿನ ಅವನು ತೂಕಡಿಸಿ ಕಾಲು ನೆಲಕ್ಕೆ ತಾಗಿತು, ಸೋತೆ ಎಂದು ಅಳುತ್ತಾ ಗಂಟು ಕಟ್ಟಿದ. ಅವತ್ತು ಅವ್ವ ಉಣ್ಣಲಿಲ್ಲ. ನಿನ್ನದೂ ಅದೇ ಆಟ, ಸುತ್ತು ಮಾತ್ರ ಸ್ವಲ್ಪ ದೊಡ್ಡದು ಎಂದು ಅವ್ವ ತಿಳಿದುಕೊಂಡಿದ್ದಾಳೆ. ನೀನು ಹೊರಟ ದಿನದಿಂದ ನಿನ್ನ ಕಾಲು ನೆಲಕ್ಕೆ ತಾಗಿಲ್ಲ ಎಂಬುದು ಅವಳ ನಂಬಿಕೆ. ಉಡಿಗಾಲಕ್ಕೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದಾಳೆ. ವೀಸಾಗೆ ಕಾಯುತ್ತಾ ನೀನು ಒಂದೇ ಊರಿನಲ್ಲಿದ್ದೀಯ ಎಂದು ನಾನು ಹೇಳಿದಾಗ, ಅಷ್ಟು ದಿನ ಅಲ್ಲೇ ಗಿರಗಿರ ಸುತ್ತುತ್ತಾ ಇರಬೇಕಲ್ಲ, ತಲೆ ತಿರುಗುವುದಿಲ್ಲವೇ ಎಂದು ಮರುಗಿದಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮಾದಪ್ಪನ ಮುಂದೆ ಹರಕೆ ಹೊತ್ತಿದ್ದಾಳೆ. “ಅವ್ನು ಇಳಿಯೋಗಂಟ ನಾನು ಹತ್ತಕಿಲ್ಲ,” ಅಂದಳಂತೆ. ಬಸ್ಸು, ಆಟೋ, ಎತ್ತಿನ ಗಾಡಿ, ಚಕ್ರ ಇರುವುದು ಯಾವುದನ್ನೂ ಹತ್ತುವುದಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ನೀನು ತರುತ್ತಿದ್ದ ಬಾಗಿನವನ್ನು ಈ ಸಲ ಅವಳೇ ತಲೆಯ ಮೇಲೆ ಹೊತ್ತು ನಡೆದುಕೊಂಡು ಬಂದಳು. ತೆರಕಣಾಂಬಿಯಲ್ಲಿ ನೆಂಟರ ಮನೆಯಲ್ಲಿ ತಂಗಿದ್ದಳಂತೆ. ಬಾಗಿಲಲ್ಲಿ ಅವಳ ಊದಿದ ಕಾಲು ನೋಡಿ ಅಪ್ಪಿಕೊಂಡು ಅತ್ತುಬಿಟ್ಟೆ.

ಬಂದ ಮೇಲೆ ಗೊತ್ತಾಯಿತು, ಅವ್ವನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ. ಅಳಿಯನಿಗೆ ಅಕ್ಕಿ ರೊಟ್ಟಿ ಮಾಡುತ್ತೇನೆ ಎಂದು ಕೂತವಳು ಹಿಟ್ಟಿನ ಜೊತೆಗೆ ರಂಗೋಲಿ ಪುಡಿ ಕಲಸಿದ್ದಳು. ನಿಮ್ಮ ಭಾವ ಅರ್ಧ ರೊಟ್ಟಿ ತಿಂದು, ಅತ್ತೆಯ ಕೈಯಡುಗೆ ಎಂದು ಏನೂ ಹೇಳದೆ, ಒಂದು ಚೊಂಬು ನೀರು ಕುಡಿದರು. ನಾನು ಬಾಯಿಗಿಟ್ಟು ನೋಡಿ ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ತೀರಾ ಬಲಿತಿದೆ, ದೀಪಾವಳಿಯ ಒಳಗೆ ಮೈಸೂರಿನಲ್ಲಿ ಆಪರೇಷನ್ ಮಾಡಿಸದಿದ್ದರೆ ಆ ಕಣ್ಣಿನ ಆಸೆ ಬಿಡಿ ಎಂದು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದರು.

ಮೈಸೂರಿಗೆ ಬಸ್ಸಿಲ್ಲದೆ ಹೇಗೆ ಹೋಗುವುದು? ಅವ್ವನೇನೋ “ಮೈಸೂರೇನ್ ಮಾ ದೂರ, ನಡ್ಕಂಡೋಗನ ಬಾ ಕಣಮ್ಮಿ,” ಎಂದು ಸೆರಗು ಕಟ್ಟಿ ಎದ್ದೇ ಬಿಟ್ಟಳು. ಹೋಗುವುದು ಹೋದರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ವಾಪಸು ನಡೆದು ಬರುವುದಕ್ಕೆ ಡಾಕ್ಟರು ಖಂಡಿತ ಬಿಡುವುದಿಲ್ಲ. ಉಪಾಯ ಮಾಡಿ ಬಸ್ ಸ್ಟ್ಯಾಂಡಿನವರೆಗೆ ಕರೆದುಕೊಂಡು ಹೋದೆವು. ಬಸ್ಸಿನ ಮೆಟ್ಟಿಲ ಹತ್ತಿರ ನಿಂತು, ಚಕ್ರವನ್ನು ಕೈಯಲ್ಲಿ ಮುಟ್ಟಿ ನೋಡಿ ಹಿಂದಕ್ಕೆ ಬಂದಳು. ಕಂಡಕ್ಟರು ಸೀಟಿ ಊದಿ ಊದಿ ಸುಸ್ತಾದ. ನೀನು ದಿನವೂ ಇಳಿದು ಉಂಡು ಮಲಗುತ್ತೀಯ ಎಂದು ನಾನು ನಿಜ ಹೇಳಿದರೆ, ಒಡಹುಟ್ಟಿದವನ ಮರ್ಯಾದೆ ತೆಗೆಯುತ್ತೀಯಾ ಎಂದು ಎರಡು ದಿನ ಮಾತು ಬಿಟ್ಟಳು. ನಿಮ್ಮ ಭಾವ ಹೇಳಿದಾಗ, ಅಳಿಯಂದಿರು ಎಂದು ಸ್ವಲ್ಪ ಮೆತ್ತಗೆ, “ನಿಮ್ಗಾಗ್ದೆ ಇರ್ಬೋದು ಬುಡಿ, ನಮ್ಮುಡುಗಂಗೆ ಆಯ್ತದೆ,” ಎಂದಳು.

ಬಂದುಬಿಡು ಎಂದು ಬರೆಯೋಣವೆಂದೇ ಈ ಕಾಗದ ಹಿಡಿದು ಕೂತೆ ತಮ್ಮಾ. ಬರೆಯಲು ಕೈ ಬರುತ್ತಿಲ್ಲ. ಹತ್ತಲೂ ಬಾರದ ಹುಡುಗ ಯುರೋಪಿನ ಬಾಗಿಲವರೆಗೆ ಹೋಗಿ ನಿಂತಿದ್ದೀಯ. ನಿನ್ನ ಗುಳ್ಳೆಯ ಬಗ್ಗೆ ನಗುತ್ತೇನೆಯೇ ಹೊರತು ನನಗೆ ನಿನ್ನ ಮೇಲೆ ಎಷ್ಟು ಹೆಮ್ಮೆ ಎಂದು ಹೇಳಲಾರೆ. ಆದರೆ ಅವ್ವ ಗೋಡೆ ಹಿಡಿದು ನಡೆಯುವುದನ್ನು ನೋಡಿದರೆ ಎಲ್ಲ ಮರೆತುಹೋಗುತ್ತದೆ. ಏನು ಮಾಡಬೇಕೋ ತಿಳಿಯುತ್ತಿಲ್ಲ, ನೀನೇ ಯೋಚಿಸು. ಹೊತ್ತಿಗೆ ಸರಿಯಾಗಿ ಉಣ್ಣು. ಇಳಿಜಾರಿನಲ್ಲಿ ಕಾಲು ಕೊಟ್ಟು ನಿಲ್ಲಿಸಬೇಡ, ಬ್ರೇಕು ಹಿಡಿ.

ನಿಮ್ಮ ಭಾವನವರ ನೆನಪುಗಳು, ಮಕ್ಕಳ ನಮಸ್ಕಾರ. ಏರಿನಲ್ಲೂ ಇಳಿಜಾರಿನಲ್ಲೂ ಮಾದಪ್ಪ ನಿನ್ನ ಹಿಂದೆ ಇರಲಿ.

ನಿನ್ನ ಅಕ್ಕ,
ನಾಗಲಕ್ಷ್ಮಿ

ವಿ.ಸೂ.: ಕಾಗದ ಮಡಿಸುವಾಗ ಅವ್ವ ಬಂದು ಪಕ್ಕದಲ್ಲಿ ಕೂತು, ಏನು ಬರೆದೆ ಎಂದಳು. ಡಾಕ್ಟರು ಹೇಳಿದ ಭಾಗವನ್ನಷ್ಟೇ ಓದಿದೆ. ಅದನ್ನು ಕೇಳಿ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: “ಇಳ್ದ್ಬುಡು ಅಂತ ಬರಿ ಕಣಮ್ಮಿ. ಸೋತ್ರೂ ಪರ್ವಾಗಿಲ್ಲ. ಅವ್ನು ಗೆದ್ ಬರೋ ಒತ್ಗೆ ನಂಗೆ ಕಣ್ಣೇ ಇಲ್ದಿದ್ರೆ ಅವ್ನ ಮಕ ಎಂಗ್ ನೋಡ್ಲಿ?” ಟಪಾಲು ಹೊರಡುವ ಹೊತ್ತಾಯಿತು, ಬೇಗ ಹೇಳುತ್ತೇನೆ ಕೇಳು. ನೀನು ಇದುವರೆಗೆ ಕಳಿಸಿದ ಫೋಟೋಗಳಲ್ಲೆಲ್ಲ ಸೈಕಲ್ಲಿನ ಮೇಲೇ ಕೂತಿದ್ದೀಯ. ಈ ಕಾಗದ ಕೈ ಸೇರಿದ ಕೂಡಲೇ ಬರಿಗಾಲಲ್ಲಿ ನೆಲದ ಮೇಲೆ ನಿಂತು, ಎರಡೂ ಪಾದ ಕಾಣುವ ಹಾಗೆ ಒಂದು ದೊಡ್ಡ ಫೋಟೋ ತೆಗೆಸಿ ಕಳಿಸು. ಅದು ಬಂದ ದಿನವೇ ಅವ್ವನನ್ನು ಮೈಸೂರಿನ ಬಸ್ಸು ಹತ್ತಿಸುತ್ತೇನೆ. ಫೋಟೋ ತೆಗೆಸಿದ ಮೇಲೆ ನೀನು ಮತ್ತೆ ಸೈಕಲ್ಲು ಹತ್ತಿದ್ದನ್ನು ಅವ್ವನಿಗೆ ನಾನಂತೂ ಹೇಳುವುದಿಲ್ಲ.