ಗೇಟಿನ ಪಕ್ಕದ ನಂದಿಬಟ್ಟಲು

15-6-1997, ಭಾನುವಾರ

ಇಡ್ಲಿ, ಬಟ್ಟೆ, ಆಮೇಲೆ ಗಿಡ. ಎರಡನೆಯ ಕಡ್ಡಿಯೂ ಕೊಳೆತಿದೆ. ಎಳೆದರೆ ಕೈಗೇ ಬಂತು, ಬುಡ ಕಪ್ಪು. ಸರಸ್ವತಿಪುರಂನ ಈ ಮನೆ ಕೊಂಡ ದಿನದಿಂದ ನನಗೆ ಗೇಟಿನ ಪಕ್ಕ ನಂದಿಬಟ್ಟಲು ಬೇಕು. ಮನೋಹರ್‌ಗೆ ಕ್ರೋಟನ್. "ಅದಾದ್ರೆ ಸಾಯಲ್ಲ ಕಣೇ" ಅಂತಾರೆ.

ಪಕ್ಕದ ಮನೆ ಸಿದ್ದಲಿಂಗಮ್ಮನವರು ಕಾಂಪೌಂಡಿನ ಆ ಕಡೆಯಿಂದ ನೋಡುತ್ತಿದ್ದರು. "ಅಷ್ಟು ನೀರು ಉಯ್ದ್ರೆ ಕೊಳೀದೆ ಏನ್ಮಾಡ್ತದವ್ವ? ಇರು, ನಮ್ ಗಿಡದ್ದೇ ಕೊಡ್ತೀನಿ."

ಪೆನ್ಸಿಲ್ ದಪ್ಪದ ಕಡ್ಡಿ, ಓರೆಯಾಗಿ ಕತ್ತರಿಸಿದ್ದು. ತುದಿಯಲ್ಲಿ ಹಾಲು. "ಹಾಲು ಆರ್ಲಿ, ಆಮೇಲೆ ನೆಡು. ಬಿಸಿಲಿಗೆ ಮಡಗ್ಬೇಡ" ಎಂದರು. ಗೋಡೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ನಾನು ಎತ್ತಿಕೊಂಡೆ.

29-7-97

ಚಿಗುರು. ಎರಡು ಎಲೆ, ಇಲಿಕಿವಿಯಷ್ಟು. ನೋಡುತ್ತ ನಿಂತು ಟ್ಯುಟೋರಿಯಲ್‌ಗೆ ಲೇಟ್. ತ್ರಿಕೋನಮಿತಿ ಹೇಳುವಾಗಲೂ ನಗು ಬರುತ್ತಿತ್ತು. ಮಕ್ಕಳು ಮುಖ ಮುಖ ನೋಡಿಕೊಂಡರು.

3-11-97

ದಿನಾ ಸಂಜೆ ಗೋಡೆಯ ಹತ್ತಿರ ಮಾತು. ಗೊಬ್ಬರ, ಮೊಣಕಾಲು ನೋವು, ಅವರ ಮಗ ಮಹದೇವಪ್ರಸಾದನ ಸಿಟ್ಟು... ಎಲ್ಲ ಹೇಳುತ್ತಾರೆ. ಆದರೆ ಕಾಫಿಗೆ ಕರೆದರೆ ಒಂದು ದಿನ ಒಪ್ಪೊತ್ತು, ಇನ್ನೊಂದು ದಿನ ಹೊಟ್ಟೆ ಸರಿಯಿಲ್ಲ. ನಮ್ಮ ಹಾಲ್‌ನಲ್ಲಿ ಬುದ್ಧ ಇದ್ದಾನೆ, ಬಾಬಾಸಾಹೇಬರ ಫೋಟೊ ಇದೆ. ನಮ್ಮ ಜಾತಿ ಅವರಿಗೆ ಮೊದಲ ವಾರವೇ ಗೊತ್ತಾಗಿದೆ. ಒಳ್ಳೆಯವರು. ಆದರೂ ಗೇಟು ದಾಟಿ ಬಂದಿಲ್ಲ.

10-6-1998, ಬುಧವಾರ

ಹೂವು. ಐದೆಸಳು, ಕಾಗದದ ಗಿರಗಿಟ್ಟಲೆಯ ಹಾಗೆ ಒಂದಿಷ್ಟು ತಿರುಚಿದ್ದು. ಎಷ್ಟು ಬಿಳುಪೆಂದರೆ ಮುಟ್ಟಲು ಮನಸ್ಸಾಗಲಿಲ್ಲ. ಮಾರ್ಚ್‌ನಲ್ಲಿ ಬಿಳಿಹುಳ ಬಿದ್ದಾಗ ಸೋಪಿನ ನೀರಿನಲ್ಲಿ ಒಂದೊಂದೇ ಎಲೆ ಒರೆಸಿದ್ದೆ — ಸಾರ್ಥಕ. ಕಡಕೊಳದ ಫ್ಯಾಕ್ಟರಿಯಿಂದ ಬಂದ ಮನೋಹರ್ ಬ್ಯಾಗೂ ಇಳಿಸದೆ ಗಿಡದ ಮುಂದೆ ನಿಂತರು. ಕ್ರೋಟನ್ ಮಾತೆತ್ತಲಿಲ್ಲ.

8-9-98

ಸಿದ್ದಲಿಂಗಮ್ಮನವರ ಗಿಡ ಹೋಯಿತು. ಮಗ ಸೆಕೆಂಡ್‌ಹ್ಯಾಂಡ್ ಮಾರುತಿ ತಂದಿದ್ದಾನೆ, ನಿಲ್ಲಿಸಲು ಜಾಗ ಬೇಕಿತ್ತು. ನಾನು ಪಾಠ ಮುಗಿಸಿ ಬರುವಷ್ಟರಲ್ಲಿ ಬುಡದ ಸಮೇತ ತೆಗೆಸಿಬಿಟ್ಟಿದ್ದ. ಅವರು ಜಗಲಿಯಲ್ಲಿ ಕೂತಿದ್ದರು.

9-9-98

ಬೆಳಿಗ್ಗೆ ಗೋಡೆಯ ಹತ್ತಿರ ಬಂದರು. ಕೈಯಲ್ಲಿ ಹಿತ್ತಾಳೆ ತಟ್ಟೆ. "ಪದ್ಮ, ಪೂಜೆಗೆ ನಾಕು ಹೂವ ಗೋಡೆ ಮ್ಯಾಲೆ ಮಡಗ್ತೀಯಾ?"

ಗಿಡದ ತುಂಬ ಹೂವಿತ್ತು. ಕೈ ಚಾಚಿಯೂ ಚಾಚಿದೆ. ಆಮೇಲೆ ಏನಾಯಿತೋ...

"ಗೋಡೆ ಮೇಲೆ ಇಡಲ್ಲ ಅಮ್ಮ. ಗೇಟು ತೆಗೆದಿದೆ. ಬಂದು ಎಷ್ಟು ಬೇಕೋ ಅಷ್ಟು ಕುಯ್ಕೊಳಿ."

ನನ್ನನ್ನೇ ನೋಡಿದರು. ತಟ್ಟೆ ಹಿಡಿದು ಒಳಗೆ ಹೋದರು.

ರಾತ್ರಿ ಮನೋಹರ್: "ವಯಸ್ಸಾದೋರು. ಕೊಟ್ಬಿಡಬಾರದಿತ್ತಾ?"

ಅವರೇ ಕೊಟ್ಟ ಗಿಡ. ನನಗೂ ಗೊತ್ತು. ಆದರೂ ಗೋಡೆಯ ಮೇಲೆ ಇಡುವುದಿಲ್ಲ.

20-9-98, ಭಾನುವಾರ

ಹಿಟ್ಟು ರುಬ್ಬುತ್ತಿದ್ದೆ. ಗೇಟಿನ ಸದ್ದು. ಹಾಲಿನವನು ಎಂದುಕೊಂಡೆ.

ಸಿದ್ದಲಿಂಗಮ್ಮನವರು. ಹಣೆತುಂಬ ವಿಭೂತಿ, ಒದ್ದೆ ತಲೆಗೆ ಟವೆಲ್. ಗಿಡದ ಮುಂದೆ ನಿಂತಿದ್ದಾರೆ, ಕುಯ್ಯುತ್ತಿಲ್ಲ. ಕೈ ಹಿಟ್ಟಾಗಿದ್ದಂತೆಯೇ ಓಡಿದೆ.

"ಇಷ್ಟು ದಿನ ಬರೀ ಪತ್ರೆ ಇಟ್ಟು ಪೂಜೆ ಮಾಡ್ದೆ ಕಣವ್ವ. ಶಿವನಿಗೆ ಸಾಕು ಅದು. ನಂಗೇ ಸಾಲ್ದು."

"ಕುಯ್ಕೊಳಿ ಅಮ್ಮ."

"ಹೂವಿಗೆ ಅಂತ್ಲೇ ಬರ್ಲಿಲ್ಲ. ನಿನ್ ಜೊತೆ ಮಾತಿಲ್ದೆ ಸಾಯಂಕಾಲ ಹೋಗೋದೇ ಇಲ್ಲ ಅಂತದೆ. ಮೊದ್ಲೇ ಬರ್ಬೇಕಿತ್ತು, ಬುಡು."

ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡೆ. ಒಳಗೆ ಬನ್ನಿ ಎಂದೆ, ಅಷ್ಟೇ. ಬಂದರು. ಬುದ್ಧನ ಮುಂದೆಯೂ ಅದೇ ಹೂವು ಕಂಡು ನಿಂತರು.

"ಇವ್ರಿಗೂ ಬಿಳೀದೇ ಆಗ್ಬೇಕಾ?"

"ಹಂಗೇನಿಲ್ಲ. ನಮ್ ಮನೇಲಿರೋದು ಇದೊಂದೇ."

ನಕ್ಕರು. ಕಾಫಿ ಕುಡಿದರು. ಸಕ್ಕರೆ ಜಾಸ್ತಿಯಾಯಿತಂತೆ. ಲೋಟ ತೊಳೆಯಲು ಹೋದರು, ನಾನು ಬಿಡಲಿಲ್ಲ. ಮನೋಹರ್ ಬಚ್ಚಲಿಂದ ಬನಿಯನ್‌ನಲ್ಲಿ ಬಂದವರು ಅವರನ್ನು ಕಂಡು ವಾಪಸ್ ಒಳಗೆ ಓಡಿದರು.

4-10-98, ಭಾನುವಾರ

ಈಗ ದಿನಾ ಬರುತ್ತಾರೆ. ಮಗ ಕೇಳಿದನಂತೆ, ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಹೋಗ್ತೀಯ ಎಂದು. "ಪದ್ಮನ ಮನೇಗೆ. ನೀನೂ ಬಾ, ತಿಂಡಿ ಚೆನ್ನಾಗಿರ್ತದೆ ಅಂದೆ" ಎಂದರು. ಹೇಳಿದ್ದು ನಿಜವೇ ಇರಬೇಕು. ಮೊನ್ನೆ ಅವನು ಕಾರು ತೆಗೆಯುತ್ತ ನಮಸ್ಕಾರ ಅಂದ.

ಆದರೆ ನನ್ನ ಉಪ್ಪಿಟ್ಟು ಅವರ ಪ್ರಕಾರ ಗೋಡೆಗೆ ಪೋಸ್ಟರ್ ಅಂಟಿಸೋದಕ್ಕೆ ಸರಿ. "ಇವತ್ತು ನಾನ್ ಮಾಡ್ತೀನಿ, ನೀನು ಕೂತ್ಕೊ" ಎಂದು ಅಡುಗೆಮನೆ ಸೇರಿದ್ದಾರೆ. ಕೂತು ಇದನ್ನು ಬರೆಯುತ್ತಿದ್ದೇನೆ. ಮನೋಹರ್ ಈರುಳ್ಳಿ ಹೆಚ್ಚಿಕೊಡುತ್ತ ಬೈಸಿಕೊಳ್ಳುತ್ತಿದ್ದಾರೆ. ಒಳಗಿಂದ ಕೂಗು — "ಸಾಸಿವೆ ಎಲ್ಲಿ ಮಡಗಿದ್ದೀಯೇ ಪದ್ಮ?" ಎಡಗಡೆ ಡಬ್ಬ ಎಂದೆ. ಸಿಗಲಿಲ್ಲವಂತೆ. ಎಣ್ಣೆ ಹೊಗೆಯಾಡುತ್ತಿದೆ, ನಾನೇ ಹೋಗಬೇಕು.