ಹದಿನೈದಕ್ಕೆ ಹದಿನೈದು

10-2-2025, ಬೆಳಿಗ್ಗೆ 7
ಕಾಗಿಣಾ ನದಿ ದಂಡೆಯವರೆಗೆ ವಾಕಿಂಗ್ ಮುಗಿಸಿ ಬಂದೆ. ಚಹಾದಲ್ಲಿ ಸಕ್ಕರೆ ಕಡಿಮೆ. ಸದರಿ ವಿಷಯವನ್ನು ಪತ್ನಿ ಸೂಗಮ್ಮಳ ಗಮನಕ್ಕೆ ತರಲಾಯಿತು. "ಶುಗರ್ ಗುಳಿಗಿ ನುಂಗೋರಿಗಿ ಸಕ್ಕರಿ ಯಾಕ್ ಬೇಕ್ರಿ?" ಎಂಬ ಉತ್ತರ ಬಂತು. ಮೂವತ್ತೆರಡು ವರ್ಷ ಸೇಡಂ ತಹಸೀಲ್ ಕಚೇರಿಯ ಮುಂದೆ ಕುಳಿತು ಊರವರ ಅರ್ಜಿ ಬರೆದವನು ನಾನು. ಮನೆಯಲ್ಲಿ ನನ್ನ ಒಂದು ಅರ್ಜಿಯೂ ಮಂಜೂರಾಗಿಲ್ಲ.

ಮಧ್ಯಾಹ್ನ 1, ಸೇಡಂ
ಸೂಗಮ್ಮ ಅಂಗಳದ ಫರಸಿ ಕಲ್ಲು ತೊಳೆಯುವಾಗ ಜಾರಿ ಬಿದ್ದಳು. ತಲೆ ಮೆಟ್ಟಿಲ ಅಂಚಿಗೆ ಬಡಿಯಿತು. ಎರಡು ನಿಮಿಷ ಎಚ್ಚರವಿರಲಿಲ್ಲ. ಈಗ ಆಸ್ಪತ್ರೆಯಲ್ಲಿದ್ದಾಳೆ; ಮಾತಾಡುತ್ತಿದ್ದಾಳೆ. ಡಾ. ದೇವಾನಂದ ಅವರ ವಿವರಣೆ: ಕಣ್ಣಿಗೆ ನಾಲ್ಕು, ಮಾತಿಗೆ ಐದು, ಕೈಕಾಲಿಗೆ ಆರು, ಎಚ್ಚರ ಅಳೆಯಲು ಒಟ್ಟು ಹದಿನೈದು ಅಂಕ; ಸದ್ಯ ಪೂರ್ತಿ ಇವೆ. ತಾಸಿಗೊಮ್ಮೆ ನೋಡುತ್ತಾರೆ. ಅಂಕ ಇಳಿದರೆ ತಲೆಯೊಳಗೆ ರಕ್ತಸ್ರಾವದ ಶಂಕೆ — ಕಲಬುರಗಿಗೆ ಒಯ್ಯಬೇಕು.

ಮಧ್ಯಾಹ್ನ 2
ನರ್ಸ್ ನಾಹಿದ ಪ್ರಶ್ನೆ ಕೇಳಿದರು. ಊರು? ಮಳಖೇಡ. ತಿಂಗಳು? ಮಾಘ. ಗಂಡನ ಹೆಸರು? ಸೆರಗು ಬಾಯಿಗೆ ಒತ್ತಿಕೊಂಡಳು. "ಎದುರಿಗೇ ಕುಂತಾರಲ್ಲವ್ವಾ, ಅವರಿಗೇ ಕೇಳು."
ಮಾತಿಗೆ ನಾಲ್ಕೇ ಬರೆದರು. ಎದ್ದು ನಿಂತು ಆಕ್ಷೇಪಣೆ ಸಲ್ಲಿಸಿದೆ: ಐವತ್ತೊಂದು ವರ್ಷದ ಸಂಸಾರದಲ್ಲಿ ಇವಳು ನನ್ನ ಹೆಸರೆತ್ತಿದವಳಲ್ಲ, ಇದು ಗಾಯದ ಲಕ್ಷಣವಲ್ಲ, ಮನೆತನದ ನಡತೆ.
"ನಮ್ಮ ನಾನಿ ಮುದುಕಿನೂ ಹಂಗೇ ಬಿಡ್ರಿ ಮುತ್ಯಾ," ಎಂದು ನಕ್ಕು ಐದು ಬರೆದರು. ನನಗೆ ಹೆಮ್ಮೆಯಾಯಿತು.

ಸಂಜೆ 5
ಚಹಾ ಕುಡಿಯಲು ಹೊರಗೆ ಬಂದಿದ್ದೆ. ನಾಹಿದ ಓಡಿ ಬಂದರು. "ಮುತ್ಯಾ, ಆಯಿ ನಿಮ್ಮ ಹೆಸರು ಹೇಳ್ಯಾರ! ಬಸವಂತರಾಯ ಅಂತ, ಖಡಕ್! ಹದಿನೈದಕ್ಕ ಹದಿನೈದು!"
ಚಹಾ ಕೈಮೇಲೆ ಚೆಲ್ಲಿತು.
ಒಳಗೆ ಹೋದೆ. ಸೆರಗು ಜಾರಿತ್ತು; ಎಳೆದುಕೊಂಡಿರಲಿಲ್ಲ. ನನ್ನನ್ನೇ ನೋಡಿ, "ಬಸವಂತರಾಯ, ನೀರು ಕೊಡು," ಎಂದಳು. ನಾಚಿಕೆಯಿಲ್ಲ, ನಗುವಿಲ್ಲ...

5-20
ಡಾಕ್ಟರು: "ರಾಯರೇ, ಅಂಕಿ ಪೂರಾ ಬಂದಾವಲ್ರಿ. ಯಾಕ್ ಅಂಜ್ತೀರಿ?"
ಅರ್ಜಿಯ ಭಾಷೆ ಬಾಯಿಗೆ ಬರಲಿಲ್ಲ. "ಇಕಿ ಅಕಿ ಅಲ್ರಿ ಸಾಹೇಬ್ರ," ಎಂದೆ. "ಒಮ್ಮಿ ಬಂದು ನೋಡ್ರಿ. ಕಾಲು ಬೀಳ್ತೀನಿ."
ಬಂದರು. ಟಾರ್ಚ್ ಹಿಡಿದರು. ಬಲಗಣ್ಣಿನ ಪಾಪೆ ಎಡಗಣ್ಣಿನದಕ್ಕಿಂತ ದೊಡ್ಡದಾಗಿತ್ತು. ಮತ್ತೆ ಹಿಡಿದರು. ಆಮೇಲೆ ನನ್ನ ಮುಖ ನೋಡದೆ ಆಂಬುಲೆನ್ಸ್‌ಗೆ ಫೋನ್ ಮಾಡಿದರು.

12-2-2025, ಕಲಬುರಗಿ
ನಿನ್ನೆ ಬರೆಯಲಾಗಲಿಲ್ಲ. ಮೊನ್ನೆಯೇ ಇಲ್ಲಿ ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದಿದ್ದಾರೆ. ಇನ್ನೊಂದು ತಾಸು ತಡವಾಗಿದ್ದರೆ, ಎಂದು ಇಲ್ಲಿಯ ಡಾಕ್ಟರು ಆರಂಭಿಸಿದರು, ಪೂರ್ತಿ ಕೇಳಿಸಿಕೊಳ್ಳಲಿಲ್ಲ.
ಅಂಕ ಏಳು. ಕಣ್ಣು ತೆರೆಯುವುದಿಲ್ಲ. ನರಳುತ್ತಾಳೆ, ಮಾತಿಲ್ಲ. ಉಗುರು ಒತ್ತಿದರೆ ಬಲಗೈ ಹಿಂದಕ್ಕೆಳೆಯುತ್ತಾಳೆ. ಎಡಗೈ ಬಿದ್ದಲ್ಲೇ ಇರುತ್ತದೆ.

13-2-2025, ಸಂಜೆ 4-30
ಹತ್ತು ನಿಮಿಷ ಒಳಗೆ ಬಿಟ್ಟರು. ಹೇಳಿದ್ದು ತಿಳಿಯುತ್ತದೆಯೇ ಎಂದು ನೋಡಬೇಕಂತೆ. ತಿಳಿದರೆ ಭರವಸೆ ಇಡಬಹುದಂತೆ. ಅವಳ ಬಲಗೈಯೊಳಗೆ ನನ್ನ ಕೈಯಿಟ್ಟು, "ಒತ್ತು ನೋಡು," ಎಂದೆ.
"ಒತ್ತಿದಳ್ರೀ!" ಎಂದು ಕೂಗಿಬಿಟ್ಟೆ.
ಡಾಕ್ಟರು ನನ್ನ ಕೈ ಬಿಡಿಸಿ ತಮ್ಮದನ್ನಿಟ್ಟರು. ಎರಡು ಸಲ ಹೇಳಿದರು. ಕಾದರು.
"ಮುತ್ಯಾ, ಅಲುಗಾಡಿದ್ದು ನಿಮ್ಮ ಕೈ ರೀ."
ಮತ್ತೆ ಅವಳ ಕೈಯೊಳಗೆ ನನ್ನ ಕೈಯಿಟ್ಟೆ.