ಮೂರನೇ ಕೌಂಟರಿನ ಹದಿನಾಲ್ಕು ಸೆಕೆಂಡು

ತೊಲುಕಾ, ಗುರುವಾರ

ಅಪ್ಪಾ,

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯ ತಾನೆ?

ಗಿರಾಕಿಗಳ ಸಾಲು ಕಡಿಮೆ ಮಾಡುವ ದಾರಿ ಹುಡುಕಲು ಕಂಪನಿ ಕರೆಸಿತೆಂದು ಹೋದ ತಿಂಗಳು ನಿನ್ನ ಸೂಪರ್‌ಮಾರ್ಕೆಟ್ಟಿನಲ್ಲಿ ಗಡಿಯಾರ ಹಿಡಿದು ನಿಂತಿದ್ದೆನಲ್ಲ, ಆ ಅಳತೆಗಳನ್ನು ಹಾಕಿ ಕಂಪ್ಯೂಟರಿನಲ್ಲಿ ಅದರಂಥದೇ ಒಂದು ಆಟದ ಅಂಗಡಿ ಕಟ್ಟಿದೆ. ಅಲ್ಲಿ ಸಾವಿರ ಶನಿವಾರ ಓಡಿಸಿದೆ. ಚೀಲ ತುಂಬಿಕೊಡುವ ಹಿರಿಯರನ್ನು ತೆಗೆದರೆ ಸಾಲು ಅರ್ಧ ಕರಗುತ್ತದೆ. ಎಲ್ಲರಿಗಿಂತ ನಿಧಾನ ನಿನ್ನ ಮೂರನೇ ಕೌಂಟರು, ಗಿರಾಕಿಗೆ ಹದಿನಾಲ್ಕು ಸೆಕೆಂಡು ಹೆಚ್ಚು.

ಕಾರಣ ನನಗೆ ಗೊತ್ತು. ದಿನಾ ಸರಸರ ತುಂಬುವವನು ನೀನು, ಅವತ್ತು ಮಗಳು ನೋಡುತ್ತಿದ್ದಾಳೆಂದು ಟೊಮ್ಯಾಟೊಗಳನ್ನು ಒಂದೊಂದಾಗಿ ಇಟ್ಟೆ. "ನೋಡ್ಕೋ ಮರಿ, ಸೋಪು ಬೇರೆ, ತೋರ್ತಿಯಾ ರೊಟ್ಟಿ ಬೇರೆ! ಬರ್ಕೊಂಡ್ಯಾ?" ಅಂದೆ. ನಾನು ಬರೆದುಕೊಂಡೆ.

ಇನ್ನೊಮ್ಮೆ ಅಳೆಯುತ್ತೇನೆಂದು ಮ್ಯಾನೇಜರ್ ಉರ್ರುತಿಯಾರನ್ನು ಕೇಳಿದೆ. "ನಿಮ್ಮಪ್ಪ ಅಂತ ಕಂಪ್ಯೂಟರ್‌ಗೆ ಗೊತ್ತಾ ಮೇಡಂ?" ಎಂದು ನಕ್ಕು, ನಿಮ್ಮನ್ನೆಲ್ಲ ತೆಗೆಯುವ ಆದೇಶಕ್ಕೆ ಸಹಿ ಹಾಕಿದರು. ಅಳತೆ ಸುಳ್ಳು, ಆದೇಶ ಕಲ್ಲು; ಪ್ರಾಸ ಮಾತ್ರ ಕೂಡಿಬಂತು.

ಅಮ್ಮ ಹೋದ ಮೇಲೆ ನೀನು ಗಡ್ಡ ಬೋಳಿಸಿಕೊಳ್ಳುತ್ತಿದ್ದದ್ದು ಆ ಕೌಂಟರಿಗಾಗಿ ಮಾತ್ರ. ಆದರೂ ಸೋಮವಾರದಿಂದ ಹೋಗಬೇಡ. ಬಾಗಿಲಲ್ಲಿ ಯಾರೋ ಹೇಳುವ ಮೊದಲು ನಾನೇ ಹೇಳುತ್ತಿದ್ದೇನೆ. ಏಪ್ರನ್ ವಾಪಸ್ ಕೊಡಬೇಕಂತೆ, ಇಸ್ತ್ರಿ ಮಾಡಬೇಡ.

ಭಾನುವಾರ ಇಬ್ಬರ ಮನೆಗೂ ಸಾಮಾನು ತರುತ್ತೇನೆ, ಬಿಡಿಬಿಡಿಯಾಗಿ. ನನ್ನ ಪಾಲನ್ನು ಚೀಲಕ್ಕೆ ನೀನೇ ತುಂಬಿಕೊಡು. ಗಡಿಯಾರ ಮನೆಯಲ್ಲೇ ಬಿಟ್ಟು ಬರುತ್ತೇನೆ.

ನಿನ್ನ ಮಗಳು,
ಎದುವಿಹೆಸ್